ಕಸಿದುಕೊಂಡದ್ದು ತ್ಯಾಗವಾಗದು: ಆರಾಧನಾ ಸಾಹಿತ್ಯದಲ್ಲಿ ವೃದ್ಧರ ಸಂಕಲ್ಪ ಮತ್ತು ಬಂಧುಧರ್ಮ

ಮರಣವನ್ನು ಕುರಿತು ಜೈನ ಪರಂಪರೆಯಷ್ಟು ದೀರ್ಘವಾಗಿಯೂ ಕ್ರಮಬದ್ಧವಾಗಿಯೂ ಚಿಂತಿಸಿದ ಪರಂಪರೆಗಳು ವಿರಳ. ಶ್ರಾವಕಾಚಾರಗಳು, ಆರಾಧನಾ ಗ್ರಂಥಗಳು, ಪುರಾಣಗಳು, ಶ್ರವಣಬೆಳಗೊಳದ ಬಂಡೆಗಳ ಮೇಲಿನ ನಿಸಿದಿ ಶಾಸನಗಳು ಎಲ್ಲವೂ ಬಾಳಿನ ಕೊನೆಯ ಘಟ್ಟವನ್ನು ಸಾಧನೆಯ ಸಮಯವೆಂದೇ ಎಣಿಸಿವೆ. ಈ ಸಾಹಿತ್ಯವನ್ನು ಇದುವರೆಗೆ ಬಹುಮಟ್ಟಿಗೆ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಓದಲಾಗಿದೆ. ಸಲ್ಲೇಖನೆಯು ಆತ್ಮಘಾತವೇ, ಅಲ್ಲವೇ ಎಂಬುದು ಒಂದು. ಅದರ ವಿಧಿವಿಧಾನಗಳೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಚಾರ್ಯರೇ ಉತ್ತರವಿತ್ತಿದ್ದಾರೆ. ಎರಡನೆಯದಕ್ಕೆ ಷ. ಶೆಟ್ಟರ್ ಅವರಂಥ ವಿದ್ವಾಂಸರು ಶಾಸನಗಳನ್ನೂ ಗ್ರಂಥಗಳನ್ನೂ ಒಟ್ಟಿಗಿಟ್ಟು ವಿಸ್ತಾರವಾದ ಉತ್ತರ ನೀಡಿದ್ದಾರೆ.

ಆದರೆ ಮನೆಯಲ್ಲಿ ಎಂಬತ್ತು ದಾಟಿದ ತಂದೆಯನ್ನೋ ತಾಯಿಯನ್ನೋ ನೋಡಿಕೊಳ್ಳುತ್ತಿರುವ ಕುಟುಂಬಕ್ಕೆ ನಿತ್ಯವೂ ಎದುರಾಗುವ ಪ್ರಶ್ನೆ ಮೂರನೆಯದು. ಕೊನೆಗಾಲದಲ್ಲಿ ನಿರ್ಧರಿಸುವವರು ಯಾರು? ಬಂಧುಗಳ ಸ್ಥಾನ ಎಲ್ಲಿ? ಅವರ ಅಧಿಕಾರ ಎಷ್ಟು? ಪ್ರಾಚೀನ ಗ್ರಂಥಗಳು ಈ ಪ್ರಶ್ನೆಗೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿಲ್ಲ. ಆದರೂ ಅವುಗಳ ವಿಧಿಕ್ರಮದಲ್ಲಿ, ಕಥೆಗಳಲ್ಲಿ, ಕೆಲವೊಮ್ಮೆ ಒಂದೇ ಒಂದು ಪದದ ಆಯ್ಕೆಯಲ್ಲಿ ಉತ್ತರ ಅಡಗಿದೆ. ಆ ಉತ್ತರ ಇಂದಿನ ಶ್ರಾವಕ ಕುಟುಂಬಗಳಿಗೆ ಅಷ್ಟೇನೂ ಹಿತವಾಗಿ ಕೇಳಿಸದು.

ಒಂದು ಪದದ ಆಯ್ಕೆ

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ವ್ರತಗಳನ್ನು ಹೇಳಿದ ಮೇಲೆ, ಮರಣಕಾಲದ ಸಲ್ಲೇಖನೆಯನ್ನು ವಿಧಿಸುವ ಸೂತ್ರವೊಂದು ಬರುತ್ತದೆ. ಅದನ್ನು ಆಚರಿಸುವವನು ಎಂಬ ಅರ್ಥದಲ್ಲಿ ಸೂತ್ರಕಾರರು ಬಳಸಿರುವ ಪದ ‘ಜೋಷಿತಾ’. ಕರ್ನಾಟಕದಲ್ಲಿ ಬಾಳಿದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇಲ್ಲಿ ನಿಲ್ಲುತ್ತಾರೆ. ‘ಸೇವಿಸುವವನು’ ಎಂದರೆ ಅರ್ಥ ಸ್ಪಷ್ಟವಾಗುತ್ತಿತ್ತಲ್ಲ, ಈ ಪದವೇಕೆ ಎಂದು ಪ್ರಶ್ನೆ ಹಾಕಿಕೊಂಡು, ಈ ಪದದಲ್ಲಿ ಆಚರಣೆಯ ಜೊತೆಗೆ ಪ್ರೀತಿ ಎಂಬ ಅರ್ಥವೂ ಸೇರಿದೆ ಎಂದು ಉತ್ತರಿಸುತ್ತಾರೆ. ಪ್ರೀತಿಯಿಲ್ಲದ ಕಡೆ ಬಲಾತ್ಕಾರದಿಂದ ಸಲ್ಲೇಖನೆಯನ್ನು ಮಾಡಿಸುವಂತಿಲ್ಲ, ಪ್ರೀತಿಯಿದ್ದರೆ ಆತನು ತಾನಾಗಿಯೇ ಮಾಡುತ್ತಾನೆ ಎಂಬುದು ಅವರ ವಿವರಣೆಯ ಸಾರ.

ವ್ಯಾಕರಣಜ್ಞರೂ ಆಗಿದ್ದ ಪೂಜ್ಯಪಾದರು ಒಂದು ಧಾತುವಿನ ಅರ್ಥವನ್ನು ಹಿಡಿದು ಇಡೀ ಆಚರಣೆಯ ನೈತಿಕ ಅಡಿಗಲ್ಲನ್ನೇ ಇಲ್ಲಿ ಇಟ್ಟಿದ್ದಾರೆ. ಮಾಡಿಸುವುದು ಬೇರೆ, ಮಾಡುವುದು ಬೇರೆ. ವ್ರತವೆಂದರೆ ಎರಡನೆಯದು ಮಾತ್ರ. ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಿದ ವೃದ್ಧನ ಉಪವಾಸ ನೋಡುವವರ ಕಣ್ಣಿಗೆ ಸಲ್ಲೇಖನೆಯಂತೆ ಕಂಡೀತು, ಆದರೆ ಸೂತ್ರಕಾರರ ಮಾತಿನಲ್ಲಿ ಅದು ಸಲ್ಲೇಖನೆಯಲ್ಲ. ಪ್ರಜ್ಞೆ ತಪ್ಪಿ ಮಲಗಿದವರ ಪರವಾಗಿ ಮನೆಯವರು ವ್ರತ ಕೊಡಿಸಲು ಹೊರಡುವುದಕ್ಕೂ ಈ ವ್ಯಾಖ್ಯಾನದಲ್ಲಿ ಆಧಾರ ದೊರೆಯುವುದಿಲ್ಲ.

ಕ್ಷಮೆ ಕೇಳಬೇಕು, ಅಪ್ಪಣೆಯನ್ನಲ್ಲ

ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ 150 ಶ್ಲೋಕಗಳ ಕಿರುಗ್ರಂಥ. ಗೃಹಸ್ಥರಿಗಾಗಿಯೇ ಬರೆದುದಾದ್ದರಿಂದ ಪ್ರಕೃತ ವಿಷಯಕ್ಕೆ ಇದು ಅತ್ಯಂತ ಹತ್ತಿರದ್ದು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವಿಲ್ಲದ ಸ್ಥಿತಿಗೆ ಮುಟ್ಟಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನೆ ಎಂದು ಅಲ್ಲಿ ಲಕ್ಷಣ ಹೇಳಿದೆ. ಪರಿಹಾರವಿಲ್ಲದಿರುವುದು ಎಂಬ ನಿಬಂಧನೆಯನ್ನು ಮರೆಯಲಾಗದು. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಯನ್ನು ಮುಂದೆ ಮಾಡಿಕೊಂಡು ಹೊರಡುವುದಕ್ಕೆ ಇಲ್ಲಿ ಎಡೆಯಿಲ್ಲ.

ಅನಂತರದ ಕ್ರಮ ಕುತೂಹಲಕರವಾಗಿದೆ. ವ್ರತಕ್ಕೆ ಸಿದ್ಧನಾಗುವವನು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ತೊರೆದು, ಸ್ವಜನರನ್ನೂ ಪರಿಜನರನ್ನೂ ತಾನು ಕ್ಷಮಿಸಿ, ಅವರಿಂದ ಪ್ರಿಯವಚನದಿಂದ ಕ್ಷಮೆ ಬೇಡಬೇಕು. ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಆಲೋಚನೆ ಮಾಡಬೇಕು. ಬಳಿಕ ಘನ ಆಹಾರವನ್ನು ಬಿಟ್ಟು ಸ್ನಿಗ್ಧಪಾನಕ್ಕೆ, ಅದನ್ನು ಬಿಟ್ಟು ಕಾಯಿಸಿದ ನೀರಿಗೆ, ಕೊನೆಗೆ ಶಕ್ತಿಯನ್ನು ನೋಡಿಕೊಂಡು ಉಪವಾಸಕ್ಕೆ ಸಾಗಬೇಕು. ಬಂಧುಗಳು ಈ ಕ್ರಮದೊಳಗೆ ಬರುವುದು ಒಂದೇ ಕಡೆ, ಕ್ಷಮೆಯ ಸಂದರ್ಭದಲ್ಲಿ. ಅವರ ಮುಂದೆ ನಿಂತ ವೃದ್ಧನು ಕೇಳುವುದು ಕ್ಷಮೆಯನ್ನು, ಅಪ್ಪಣೆಯನ್ನಲ್ಲ. ಮನೆಯ ಆಳುಕಾಳುಗಳೂ ಮಕ್ಕಳ ಸಾಲಿನಲ್ಲೇ ನಿಂತಿದ್ದಾರೆ ಎಂಬುದನ್ನು ಗಮನಿಸಬೇಕು. ರಕ್ತಸಂಬಂಧವು ಇಲ್ಲಿ ವಿಶೇಷ ಅಧಿಕಾರವನ್ನು ತಂದುಕೊಡುವುದಿಲ್ಲ.

ಸಲ್ಲೇಖನೆಯ ಐದು ಅತಿಚಾರಗಳನ್ನೂ ಇದೇ ದೃಷ್ಟಿಯಿಂದ ಓದಬಹುದು. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಭಯ, ಮಿತ್ರರ ನೆನಪು, ಮುಂದಿನ ಫಲದ ಬಯಕೆ ಇವು ಸಮಂತಭದ್ರರು ಎಣಿಸುವ ಐದು. ಇವು ವ್ರತಿಯ ದೋಷಗಳೆಂದು ಗ್ರಂಥದಲ್ಲಿ ಹೇಳಿದೆ. ಆದರೆ ಹಾಸಿಗೆಯ ಸುತ್ತ ನಿಂತವರ ಮನಸ್ಸನ್ನು ಈ ಪಟ್ಟಿಯಿಂದಲೇ ಅಳೆದರೆ ಕಾಣುವುದೇನು? ಒಬ್ಬ ಮಗ ತಂದೆಯ ಮಾತಿಗೆ ಕಿವಿಗೊಡದೆ ತುರ್ತುನಿಗಾ ಘಟಕದಲ್ಲಿ ಕೊಳವೆಗಳ ನಡುವೆ ಮಲಗಿಸುತ್ತಾನೆ. ಅಲ್ಲಿರುವುದು ಜೀವಿತದ ಆಸೆ, ತಂದೆಯದಲ್ಲ, ಮಗನದು. ಇನ್ನೊಂದು ಮನೆಯಲ್ಲಿ ‘ಅಜ್ಜಿಯದು ಸಮಾಧಿಮರಣವಾದರೆ ಮನೆತನಕ್ಕೆ ಶೋಭೆ’ ಎಂಬ ಮಾತು ಹಾಸಿಗೆಯ ಬಳಿ ಕೇಳಿಬರುತ್ತದೆ. ಅಲ್ಲಿರುವುದು ಮರಣದ ಆಸೆ, ಜೊತೆಗೆ ಫಲದ ಬಯಕೆಯೂ. ಇವೆರಡು ಒಂದಕ್ಕೊಂದು ವಿರುದ್ಧವಾದ ತಪ್ಪುಗಳಂತೆ ತೋರಿದರೂ ಬೇರು ಒಂದೇ. ಎರಡು ಮನೆಗಳಲ್ಲಿಯೂ ವೃದ್ಧರ ಸಂಕಲ್ಪದ ಜಾಗದಲ್ಲಿ ಇತರರ ಸಂಕಲ್ಪ ಬಂದು ಕುಳಿತಿದೆ.

ಅನುಮತಿಯನ್ನು ತ್ಯಜಿಸುವ ಮೆಟ್ಟಿಲು

ಕೊನೆಯ ದಿನಗಳ ಮಾತು ಹಾಗಿರಲಿ. ವೃದ್ಧರ ಸ್ವಾತಂತ್ರ್ಯದ ಪ್ರಶ್ನೆ ಅದಕ್ಕಿಂತ ಹತ್ತಿಪ್ಪತ್ತು ವರ್ಷ ಮೊದಲೇ ಹುಟ್ಟಿಕೊಂಡಿರುತ್ತದೆ. ಇದಕ್ಕೂ ಶ್ರಾವಕಾಚಾರದಲ್ಲಿ ದಿಕ್ಸೂಚಿಯಿದೆ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಒಂಬತ್ತನೆಯ ಮೆಟ್ಟಿಲಿನಲ್ಲಿ ಮನೆಯ ಹಿರಿಯನು ಒಡೆತನವನ್ನು ಬಿಡುತ್ತಾನೆ. ಆಶಾಧರರ ಸಾಗಾರಧರ್ಮಾಮೃತದಲ್ಲಿ ಆತನು ಯೋಗ್ಯ ಪುತ್ರನನ್ನು ಕರೆದು, ಸಾಧರ್ಮಿಗಳ ಸಮ್ಮುಖದಲ್ಲಿ ಮನೆಯ ಭಾರವನ್ನು ಒಪ್ಪಿಸುವ ಚಿತ್ರವಿದೆ. ಹತ್ತನೆಯ ಮೆಟ್ಟಿಲಿನಲ್ಲಿ ಕೃಷಿ, ವ್ಯಾಪಾರ, ಮದುವೆ ಮುಂತಾದ ಲೌಕಿಕ ಕಾರ್ಯಗಳಿಗೆ ಒಪ್ಪಿಗೆ ಕೊಡುವುದನ್ನೂ ಆತನು ನಿಲ್ಲಿಸುತ್ತಾನೆ.

ಈ ಎರಡು ಪ್ರತಿಮೆಗಳ ಹಿಂದಿರುವ ಗ್ರಹಿಕೆಯನ್ನು ವಿಮರ್ಶಕರು ಅಷ್ಟಾಗಿ ಎತ್ತಿ ಹೇಳಿಲ್ಲ. ಅನುಮತಿಯನ್ನು ತ್ಯಜಿಸುವುದಕ್ಕೇ ಒಂದು ಮೆಟ್ಟಿಲನ್ನು ಮೀಸಲಿಡಬೇಕಾದರೆ, ಅಲ್ಲಿಯವರೆಗೆ ಹಿರಿಯರ ಅನುಮತಿಗೆ ಬೆಲೆ ಇರಲೇಬೇಕು. ಕೈಯಲ್ಲಿ ಇಲ್ಲದ್ದನ್ನು ಯಾರೂ ಬಿಡಲಾರರು. ಇಂದಿನ ಮನೆಗಳಲ್ಲಿ ನಡೆಯುವುದು ಇದಕ್ಕೆ ವ್ಯತಿರಿಕ್ತ. ತಂದೆಗೆ ಎಪ್ಪತ್ತೈದಾಗುತ್ತಲೇ ಕಪಾಟಿನ ಬೀಗದ ಕೈ ಸೊಸೆಯ ಸೆರಗಿಗೆ ಹೋಗಿರುತ್ತದೆ. ಬ್ಯಾಂಕಿನ ಪುಸ್ತಕ ಮಗನ ಚೀಲದಲ್ಲಿರುತ್ತದೆ. ಊರಿನ ಮನೆಯನ್ನು ಮಾರುವ ಮಾತು ನಡೆದು ಮುಗಿದ ಮೇಲೆ ಸಹಿಗಾಗಿ ಕಾಗದ ಮುಂದೆ ಬರುತ್ತದೆ. ದಿನವೂ ಬಸದಿಗೆ ಹೋಗಿ ಗಂಧೋದಕ ತೆಗೆದುಕೊಳ್ಳುತ್ತಿದ್ದ ತಾಯಿಯನ್ನು ‘ನಿಮ್ಮಿಂದಾಗದು, ಬಿದ್ದೀರಿ’ ಎಂದು ಮಹಾನಗರದ ಆರನೆಯ ಅಂತಸ್ತಿನ ಕೋಣೆಗೆ ಕರೆತರಲಾಗುತ್ತದೆ. ಎಲ್ಲವೂ ಪ್ರೀತಿಯಿಂದಲೇ. ಇಷ್ಟಾದ ಮೇಲೆ ನೆಂಟರ ಮುಂದೆ ‘ಅವರು ಎಲ್ಲವನ್ನೂ ಬಿಟ್ಟುಬಿಟ್ಟಿದ್ದಾರೆ’ ಎನ್ನಲಾಗುತ್ತದೆ.

ಅವರು ಬಿಟ್ಟಿಲ್ಲ, ಅವರಿಂದ ಬಿಡಿಸಲಾಗಿದೆ. ಕಸಿದುಕೊಂಡದ್ದು ತ್ಯಾಗವಾಗದು. ತ್ಯಾಗವೇ ಜೀವಾಳವಾಗಿರುವ ಧರ್ಮದಲ್ಲಿ, ಒಬ್ಬ ಹಿರಿಯ ಜೀವದಿಂದ ತ್ಯಾಗದ ಅವಕಾಶವನ್ನೇ ಕಸಿದುಕೊಳ್ಳುವುದು ಆಸ್ತಿಯನ್ನು ಕಸಿದುಕೊಳ್ಳುವುದಕ್ಕಿಂತ ದೊಡ್ಡ ಅಪಹರಣ.

ಊಟದ ವಿಷಯದಲ್ಲಂತೂ ಈ ಅಪಹರಣ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿರುತ್ತದೆ. ಐವತ್ತು ವರ್ಷ ರಾತ್ರಿಭೋಜನ ತ್ಯಾಗ ಮಾಡಿದ ಅಜ್ಜಿಗೆ ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಬೇಕೆಂದು ವೈದ್ಯರು ಬರೆದುಕೊಡುತ್ತಾರೆ. ಸೂರ್ಯಾಸ್ತಕ್ಕೆ ಮೊದಲು ಕೊಟ್ಟರಾಗದೇ ಎಂದು ವೈದ್ಯರನ್ನು ಒಂದು ಮಾತು ಕೇಳುವುದು ಮನೆಯವರಿಗೆ ಹೊಳೆಯುವುದಿಲ್ಲ. ಕೆಲವು ಮನೆಗಳಲ್ಲಿ ಕತ್ತಲಾದ ಮೇಲೂ ‘ಇನ್ನೂ ಬೆಳಕಿದೆ’ ಎಂದು ಮಂಜುಗಣ್ಣಿನ ಮುದುಕಿಯನ್ನು ನಂಬಿಸಿ ಕುಡಿಸುವುದೂ ಉಂಟು. ಇದನ್ನು ಅನುಕಂಪವೆಂದು ಕರೆಯುವವರು ಅಣುವ್ರತಗಳಲ್ಲಿ ಸತ್ಯಕ್ಕೂ ಒಂದು ಸ್ಥಾನವಿದೆ ಎಂಬುದನ್ನು ನೆನೆಯಬೇಕು.

ಆರಾಧನೆಯ ಕೋಣೆಯಲ್ಲಿ

ಶಿವಾರ್ಯರ ಪ್ರಾಕೃತ ಗ್ರಂಥ ಭಗವತೀ ಆರಾಧನೆ ಮುಖ್ಯವಾಗಿ ಮುನಿಗಳಿಗಾಗಿ ರಚಿತವಾದುದು. ಅದರ ವಿಧಿಗಳನ್ನು ಗೃಹಸ್ಥರ ಮನೆಗೆ ಹಾಗೆಯೇ ಎತ್ತಿ ತರಲಾಗದು. ಆದರೆ ಸಾಯುವವನ ಹಾಗೂ ಸೇವೆ ಮಾಡುವವರ ಸಂಬಂಧವನ್ನು ಅಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದ ಇನ್ನೊಂದು ಗ್ರಂಥ ದೊರೆಯುವುದು ಕಷ್ಟ. ವ್ರತಸ್ಥನನ್ನು ಇದು ಕ್ಷಪಕನೆಂದೂ, ಆತನ ಸಂಕಲ್ಪವನ್ನು ದಡ ಮುಟ್ಟಿಸುವ ಸಹಾಯಕರನ್ನು ನಿರ್ಯಾಪಕರೆಂದೂ ಕರೆಯುತ್ತದೆ.

ಪಂಡಿತಮರಣದ ಮೂರು ಬಗೆಗಳನ್ನು ಅದು ವಿಂಗಡಿಸುವ ರೀತಿಯನ್ನೇ ನೋಡಬಹುದು. ಭಕ್ತಪ್ರತ್ಯಾಖ್ಯಾನದಲ್ಲಿ ಕ್ಷಪಕನು ತನ್ನ ಸೇವೆಯನ್ನು ತಾನೂ ಮಾಡಿಕೊಳ್ಳುತ್ತಾನೆ, ಇತರರಿಂದಲೂ ಪಡೆಯುತ್ತಾನೆ. ಇಂಗಿನೀಮರಣದಲ್ಲಿ ತನ್ನ ಸೇವೆಯನ್ನು ತಾನೇ ಮಾಡಿಕೊಳ್ಳುತ್ತಾನೆ. ಪ್ರಾಯೋಪಗಮನದಲ್ಲಿ ಎರಡೂ ಇಲ್ಲ. ವರ್ಗೀಕರಣದ ಅಳತೆಗೋಲು ಆರೈಕೆಯನ್ನು ಎಷ್ಟು, ಯಾರಿಂದ ಸ್ವೀಕರಿಸಬೇಕು ಎಂಬುದು. ಅದನ್ನು ಗೊತ್ತುಪಡಿಸುವವನು ಆರೈಕೆ ಪಡೆಯುವವನೇ. ಇತರರ ಸೇವೆಯನ್ನು ಒಪ್ಪುವ ಭಕ್ತಪ್ರತ್ಯಾಖ್ಯಾನವೂ ಪಂಡಿತಮರಣವೇ ಆಗಿರುವುದು ಇನ್ನೂ ಮುಖ್ಯ. ಪರಸಹಾಯವನ್ನು ಪಡೆದ ಮಾತ್ರಕ್ಕೆ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಮೈ ತೊಳೆಸಿಕೊಳ್ಳುವ ಮುದುಕನೂ ತನ್ನ ಬಾಳಿನ ಒಡೆಯನೇ.

ನಿರ್ಯಾಪಕರ ಸಂಖ್ಯೆ ಹೆಚ್ಚೆಂದರೆ 48, ಕಾಲ ಪ್ರತಿಕೂಲವಾದರೆ ಕಡಿಮೆಯೆಂದರೆ ಇಬ್ಬರು ಎಂದು ಗ್ರಂಥ ಹೇಳುತ್ತದೆ. ಮೈ ಹೊರಳಿಸುವವರು, ಧರ್ಮಕಥೆ ಹೇಳುವವರು, ಆಹಾರ ಪಾನಗಳನ್ನು ನೋಡಿಕೊಳ್ಳುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು ಎಂದು ಕೆಲಸವನ್ನು ಹಂಚಿದೆ. ಬಾಗಿಲು ಕಾಯುವವರ ಕೆಲಸ ಸಣ್ಣದಲ್ಲ. ನೋಡಬಂದವರ ನೂಕುನುಗ್ಗಲು ಸಾಯುವವನ ಶಾಂತಿಯನ್ನು ಕೆಡಿಸಬಾರದು ಎಂಬ ಎಚ್ಚರ ಅಲ್ಲಿದೆ. ಒಬ್ಬನೇ ನಿರ್ಯಾಪಕ ಸಾಲದು ಎಂಬ ವಿಧಿಯಲ್ಲಿ ಸೇವೆ ಮಾಡುವವನ ದಣಿವಿನ ಅರಿವೂ ಇದೆ. ಹಗಲಿರುಳೆನ್ನದೆ ಒಬ್ಬಳೇ ಸೊಸೆಯ ಮೇಲೆ ಎಲ್ಲ ಭಾರವನ್ನೂ ಹೊರಿಸುವ ಮನೆಗಳು ಈ ಒಂದು ವಿಧಿಯನ್ನಾದರೂ ಓದಬೇಕು.

ಇನ್ನೂ ಎರಡು ಪ್ರಕರಣಗಳು ಪ್ರಕೃತ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು ಪರಗಣಚರ್ಯೆ. ಸಲ್ಲೇಖನೆಗೆ ಹೊರಟ ಆಚಾರ್ಯನು ತನ್ನ ಗಣವನ್ನು ಬಿಟ್ಟು ಬೇರೊಂದು ಗಣಕ್ಕೆ ಹೋಗಬೇಕು ಎನ್ನುತ್ತದೆ ಗ್ರಂಥ. ತನ್ನವರ ನಡುವೆ ಉಳಿದರೆ ಎಳೆಯ ಶಿಷ್ಯರ ಮೇಲಿನ ಮಮತೆ, ಅವರ ಕಣ್ಣೀರು, ಮಾತು ಕೇಳದವರ ಮೇಲಿನ ಕೋಪ ಎಲ್ಲವೂ ಮನಸ್ಸನ್ನು ಕಲಕುತ್ತವೆ. ಅತ್ಯಂತ ಹತ್ತಿರದವರೇ ಅತ್ಯುತ್ತಮ ಸಹಾಯಕರೆಂದು ಭಾವಿಸಬೇಕಿಲ್ಲ ಎಂಬುದು ಇದರ ತಾತ್ಪರ್ಯ.

ಎರಡನೆಯದು ಪ್ರಕಾಶನ. ಆಹಾರವನ್ನು ಪೂರ್ಣವಾಗಿ ತ್ಯಜಿಸುವ ಮೊದಲು ಬಗೆಬಗೆಯ ಆಹಾರವನ್ನು ಕ್ಷಪಕನ ಮುಂದೆ ತಂದು ತೋರಿಸಬೇಕು. ಆಸೆ ಇನ್ನೂ ಉಳಿದಿದ್ದರೆ ಅದು ಆಗಲೇ ಹೊರಬೀಳುತ್ತದೆ. ಹೊರನೋಟಕ್ಕೆ ಇದು ಕಠೋರ ಪರೀಕ್ಷೆಯಂತೆ ತೋರಬಹುದು. ವಾಸ್ತವವಾಗಿ ಇದು ಸಾಯುವವನಿಗೆ ಇರುವ ರಕ್ಷಣೆ. ಬೇಡವೆಂದವನ ಬಾಯಿಮಾತನ್ನು ಹಿಡಿದುಕೊಂಡು ಯಾರೂ ಆತುರಪಡುವಂತಿಲ್ಲ. ಬೇಕು ಎನ್ನುವ ಅವಕಾಶ ಕೊನೆಯ ಹಂತದವರೆಗೂ ಕಣ್ಣೆದುರಿಗೇ ಇರಬೇಕು. ‘ಬೇಕು’ ಎನ್ನಲಾಗದ ಕಡೆ ‘ಬೇಡ’ ಎಂಬುದಕ್ಕೆ ಅರ್ಥವಿಲ್ಲವೆಂಬ ತಿಳಿವು ಈ ಪ್ರಕರಣದಲ್ಲಿ ಹೊಮ್ಮಿದೆ.

ತಾಯಿ ಕಟ್ಟಿದ ಸೆರೆಮನೆ

ಭಗವತೀ ಆರಾಧನೆಯ ಗಾಹೆಗಳಿಗೆ ಕಥಾರೂಪ ಕೊಟ್ಟದ್ದು ಕನ್ನಡದ ಹಿರಿಮೆಯ ಗದ್ಯಕೃತಿ ವಡ್ಡಾರಾಧನೆ. ಅದರ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಸುಕುಮಾರನು ವೃದ್ಧನಲ್ಲ, ತರುಣ. ಆದರೂ ಮಮತೆಯು ಕಾವಲಾಗಿ ಮಾರ್ಪಡುವ ಬಗೆಯನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಕಥೆ ಬೇರೊಂದಿಲ್ಲವಾದ್ದರಿಂದ ಇಲ್ಲಿ ಅದರ ಪ್ರಸ್ತಾಪ ಅವಶ್ಯ.

ಋಷಿಯನ್ನು ಕಂಡೊಡನೆ ಮಗ ತಪಸ್ಸಿಗೆ ಹೊರಟುಹೋಗುವನೆಂಬ ಭವಿಷ್ಯವಾಣಿಗೆ ಹೆದರಿದ ತಾಯಿ ಯಶೋಭದ್ರೆ, ಋಷಿಗಳು ಮನೆಯನ್ನು ಹೊಗದಂತೆ ಕಟ್ಟುಮಾಡುತ್ತಾಳೆ. ಮಗನಿಗೆ ಸುಖದ ಮೇಲೆ ಸುಖವನ್ನು ಹೇರುತ್ತಾಳೆ. ಸೇಸೆಯ ಸಾಸಿವೆ ಕಾಳು ಒತ್ತಿದರೂ ನೋಯುವ ಮೈ, ದೀಪದ ಬೆಳಕಿಗೇ ನೀರೂರುವ ಕಣ್ಣು ಅವನವು. ಅಂಥವನು ಒಂದು ಇರುಳು ಮುನಿಯೊಬ್ಬರ ಪಠಣವನ್ನು ಕೇಳಿ ಜಾತಿಸ್ಮರನಾಗುತ್ತಾನೆ. ಬಾಗಿಲಿನಿಂದ ಹೊರಡಲು ದಾರಿಯಿಲ್ಲದೆ ಬಟ್ಟೆಗಳನ್ನು ಗಂಟಿಕ್ಕಿ ಮಾಡದಿಂದ ಇಳಿಯುತ್ತಾನೆ. ಆಗ ಅವನ ಆಯುಸ್ಸು ಮೂರೇ ದಿನ ಉಳಿದಿರುತ್ತದೆ.

ಈ ಕಥೆಯನ್ನು ಓದಿದ ವಿದ್ವಾಂಸರು ನರಿ ಮತ್ತು ಅದರ ಮರಿಗಳು ಮೂರು ರಾತ್ರಿ ಮೈಯನ್ನು ತಿಂದರೂ ಅಲುಗದ ಸಹನೆಯನ್ನು ಕೊಂಡಾಡಿದ್ದಾರೆ. ಅಷ್ಟೇ ಮಹತ್ವದ್ದು ಬಟ್ಟೆಯ ಗಂಟಿನ ಆ ಒಂದು ವಿವರ. ತನ್ನ ಬಾಳಿನ ಕೊನೆಯ ನಿರ್ಧಾರಕ್ಕಾಗಿ ಮಗನೊಬ್ಬ ಸ್ವಂತ ಮನೆಯಿಂದಲೇ ಕಳ್ಳನಂತೆ ಇಳಿದುಹೋಗಬೇಕಾಯಿತು. ಯಶೋಭದ್ರೆ ದುಷ್ಟಳಲ್ಲ. ಕಥೆಗಾರನು ಅವಳನ್ನು ಹಳಿಯುವುದೂ ಇಲ್ಲ. ಅವಳ ಪ್ರೀತಿ ನಿಜವಾದುದು, ಕೊರತೆಯಿದ್ದುದು ಮಗನನ್ನು ಒಂದು ಮಾತು ಕೇಳುವ ಧೈರ್ಯಕ್ಕೆ ಮಾತ್ರ. ಇಂದು ಪಾತ್ರಗಳು ಅದಲುಬದಲಾಗಿವೆ, ಮಕ್ಕಳು ಯಶೋಭದ್ರೆಯ ಸ್ಥಾನದಲ್ಲಿದ್ದಾರೆ.

ವಡ್ಡಾರಾಧನೆಯ ಒಂದು ಮಿತಿಯನ್ನೂ ಇಲ್ಲಿ ಹೇಳಬೇಕು. ಅದರ ಕಥೆಗಳ ಮರಣಗಳು ಬಹುಪಾಲು ಘೋರ ಉಪಸರ್ಗದಿಂದ ಒದಗಿದವು. ಮುಪ್ಪಿನಲ್ಲಿ ದಿನದಿನಕ್ಕೆ ಕುಂದುತ್ತ, ಹೆಸರು ಮರೆಯುತ್ತ, ಸೊಸೆಯ ಕೈಯೂಟಕ್ಕೆ ಕಾಯುತ್ತ ಬದುಕುವ ಸಾಮಾನ್ಯರ ದೀರ್ಘ ಸಂಧ್ಯಾಕಾಲಕ್ಕೆ ಅಲ್ಲಿ ಎಡೆ ಕಡಿಮೆ. ಸಹನೆಯ ಪರಾಕಾಷ್ಠೆಯನ್ನು ಚಿತ್ರಿಸಹೊರಟ ಕೃತಿಗೆ ಅದು ಸಹಜ. ಆದರೆ ಅದೊಂದನ್ನೇ ಮಾದರಿಯಾಗಿಟ್ಟುಕೊಂಡರೆ, ನೋವಿಗೆ ಔಷಧ ಕೇಳಿದ ಅಜ್ಜನು ಧರ್ಮಭ್ರಷ್ಟನಂತೆ ಕಂಡಾನು.

ನಿಜವನ್ನು ಹೇಳಿದ ಮಂತ್ರಿ

ಯಶೋಭದ್ರೆಗೆ ಪ್ರತಿಯಾಗಿ ನಿಲ್ಲಬಲ್ಲ ಪಾತ್ರ ಆದಿಪುರಾಣದಲ್ಲಿದೆ. ಜಿನಸೇನರ ಸಂಸ್ಕೃತ ಕೃತಿಯಿಂದ ಪಂಪನ ಕನ್ನಡ ಕಾವ್ಯಕ್ಕೆ ಬಂದ ಮಹಾಬಲನ ವೃತ್ತಾಂತದಲ್ಲಿ ಬರುವ ಮಂತ್ರಿ ಸ್ವಯಂಬುದ್ಧ. ಅರಸನ ಆಯುಸ್ಸು ಒಂದು ತಿಂಗಳು ಮಾತ್ರ ಎಂದು ಚಾರಣಮುನಿಗಳಿಂದ ತಿಳಿದ ಮಂತ್ರಿ ಅದನ್ನು ಮುಚ್ಚಿಡುವುದಿಲ್ಲ. ನೇರವಾಗಿ ಬಂದು ಅರಸನಿಗೇ ಹೇಳುತ್ತಾನೆ. ಮಹಾಬಲನು ಮಗ ಅತಿಬಲನಿಗೆ ರಾಜ್ಯವನ್ನೊಪ್ಪಿಸಿ, ಎಂಟು ದಿನ ಜಿನಪೂಜೆ ಮಾಡಿ, ಉಳಿದ 22 ದಿನ ಸಲ್ಲೇಖನೆಯಲ್ಲಿರುತ್ತಾನೆ. ಸ್ವಯಂಬುದ್ಧನೇ ನಿರ್ಯಾಪಕನಾಗುತ್ತಾನೆ.

ಆ ಒಂದು ತಿಂಗಳನ್ನು ಹೇಗೆ ಕಳೆಯಬೇಕೆಂಬುದನ್ನು ಅರಸನು ತಾನೇ ಗೊತ್ತುಮಾಡಿದ. ಅದು ಸಾಧ್ಯವಾದದ್ದು ಆಪ್ತನೊಬ್ಬ ನಿಜವನ್ನು ಹೇಳಿದ್ದರಿಂದ. ಇಂದು ಅರ್ಬುದ ರೋಗವೆಂದು ತಿಳಿದ ಕೂಡಲೇ ಮನೆಯವರು ಮಾಡುವ ಮೊದಲ ಕೆಲಸ, ರೋಗಿಗೆ ಹೇಳಬೇಡಿರೆಂದು ವೈದ್ಯರಲ್ಲಿ ಬೇಡಿಕೊಳ್ಳುವುದು. ಅವರು ಧೈರ್ಯಗೆಡುವರೆಂಬ ಭಯ ಸಹಜವಾದುದೇ. ಆದರೆ ತನ್ನ ಕಾಲ ಎಷ್ಟು ಉಳಿದಿದೆಯೆಂದು ತಿಳಿಯದವರು ಯಾರಲ್ಲಿ ಕ್ಷಮೆ ಬೇಡಿಯಾರು, ಯಾವುದನ್ನು ಯಾರಿಗೆ ಒಪ್ಪಿಸಿಯಾರು, ಯಾವ ವ್ರತವನ್ನು ಸಂಕಲ್ಪಿಸಿಯಾರು? ನಿಜವನ್ನು ಮುಚ್ಚಿಟ್ಟ ದಿನವೇ ಸಮಾಧಿಮರಣದ ಬಾಗಿಲು ಮುಚ್ಚಿಹೋಗುತ್ತದೆ. ಕೇಳಲು ಇಚ್ಛಿಸದವರ ಮೇಲೆ ಹೇರುವುದು ಬೇಡ. ಕೇಳುವವರಿಗೆ ಮೃದುವಾದ ಮಾತಿನಲ್ಲಿ, ತಕ್ಕ ಸಮಯದಲ್ಲಿ ಹೇಳದಿರುವುದು ಮಾತ್ರ ಆಪ್ತರ ಲಕ್ಷಣವಲ್ಲ.

ಶಾಸನ ಎತ್ತುವ ಕಠಿಣ ಪ್ರಶ್ನೆ

ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಸನ್ಯಸನವನ್ನು ವರ್ಣಿಸುವ ಶಾಸನ ಪ್ರಸಿದ್ಧವಾದುದು. 1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡ ಬಳಿಕ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಹೊಂದಿದಳು. ಅರೆಮುಚ್ಚಿದ ಕಣ್ಣು, ಪಂಚಪದಗಳ ಉಚ್ಚಾರಣೆ, ಜಿನಧ್ಯಾನ, ಬಂಧುಜನರನ್ನು ಬೀಳ್ಕೊಟ್ಟ ಘನತೆ ಇವನ್ನು ಶಾಸನ ವರ್ಣಿಸಿದೆ. ಉಪವಾಸದ ಅವಧಿಯ ಜೊತೆಗೆ ಅವಳು ಬಂಧುಗಳಿಂದ ಬೀಳ್ಕೊಂಡ ಬಗೆಯೂ ಕವಿಗೆ ದಾಖಲೆಗೆ ಯೋಗ್ಯವೆನಿಸಿತು. ಅಲ್ಲಿ ಕೇಂದ್ರದಲ್ಲಿರುವವಳು ಆಕೆಯೇ, ಸುತ್ತಲಿನವರು ಸಾಕ್ಷಿಗಳು.

ಆದರೆ ಅದೇ ಶಾಸನ ಒಂದು ಕಠಿಣ ಪ್ರಶ್ನೆಯನ್ನೂ ಉಳಿಸುತ್ತದೆ. ಮಗಳು ಹೋದ ಮೇಲೆ ತಾನುಳಿಯಲಾರೆನೆಂಬ ಶೋಕದ ಮಾತೂ ಅಲ್ಲಿದೆ. ಶೋಕದಿಂದ ಹುಟ್ಟಿದ ನಿರ್ಧಾರವನ್ನು ಪ್ರೀತಿಯಿಂದ ಹುಟ್ಟಿದ್ದೆನ್ನಬಹುದೇ? ಸಮಂತಭದ್ರರು ಶೋಕ, ಭಯ, ವಿಷಾದಗಳನ್ನು ಮೊದಲು ಬಿಡಬೇಕೆಂದಿದ್ದಾರೆ. ಒಂದು ತಿಂಗಳ ಸಮಾಧಾನಚಿತ್ತ ಆ ಶೋಕವನ್ನು ತೊಳೆಯಿತೆಂದು ಶಾಸನದ ವರ್ಣನೆ ಸೂಚಿಸುವಂತಿದೆ. ಇಂದಿನ ಓದುಗರು ಪ್ರಶ್ನೆಯನ್ನು ತೆರೆದಿಟ್ಟುಕೊಳ್ಳುವುದೇ ಲೇಸು. ಏಕೆಂದರೆ ವೃದ್ಧರ ‘ಇನ್ನು ಸಾಕು’ ಎಂಬ ಮಾತಿನ ಹಿಂದೆ ವೈರಾಗ್ಯವಿರಬಹುದು, ಸಂಗಾತಿಯನ್ನು ಕಳೆದುಕೊಂಡ ದುಃಖವಿರಬಹುದು, ಚಿಕಿತ್ಸೆಗೆ ಬಗ್ಗುವ ಖಿನ್ನತೆಯಿರಬಹುದು, ತಗ್ಗಿಸಬಹುದಾದ ನೋವಿರಬಹುದು, ಅಥವಾ ಮಕ್ಕಳಿಗೆ ಭಾರವಾದೆನೆಂಬ ಸಂಕೋಚವಿರಬಹುದು. ಕೊನೆಯದು ಬಹುಸಾರಿ ಮನೆಯವರ ಮುಖಭಾವದಿಂದಲೇ ಹುಟ್ಟಿರುತ್ತದೆ. ಸ್ವಾತಂತ್ರ್ಯವನ್ನು ಗೌರವಿಸುವುದೆಂದರೆ ಹೇಳಿದ ಮಾತನ್ನು ಕೂಡಲೇ ಅಕ್ಷರಶಃ ಹಿಡಿಯುವುದಲ್ಲ, ಆ ಮಾತು ಎಲ್ಲಿಂದ ಬಂತೆಂದು ಕುಳಿತು ಕೇಳುವುದು.

ಭಸ್ಮಕ ರೋಗದಿಂದ ನೊಂದ ಸಮಂತಭದ್ರರೇ ಸಲ್ಲೇಖನೆ ಬೇಡಿದಾಗ ಗುರುಗಳು ಒಪ್ಪಲಿಲ್ಲವೆಂಬ ಐತಿಹ್ಯ ದೇವಚಂದ್ರನ ರಾಜಾವಳಿಕಥೆಯಲ್ಲಿದೆ. ವ್ರತವನ್ನು ಕೊಡುವವರಿಗೆ ‘ಇನ್ನೂ ಕಾಲ ಬಂದಿಲ್ಲ’ ಎನ್ನುವ ಹೊಣೆಯಿದೆ. ಆದರೆ ಹಾಗೆನ್ನುವ ಗುರು ಕೇಳಿ, ಪರೀಕ್ಷಿಸಿ, ಕಾರಣವನ್ನು ಮುಖಕ್ಕೇ ಹೇಳುತ್ತಾನೆ. ಕೇಳದೆಯೇ ತಡೆಯುವ ಬಂಧುವಿಗೂ ಅವನಿಗೂ ಅಂತರವಿದೆ.

ಪ್ರೀತಿಯಿಂದ ಮಾಡುವುದು ಎಂಬ ಮಾತಿಗೆ ಸಮೀಪಕಾಲದ ಉಜ್ವಲ ಉದಾಹರಣೆ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರರದು. ದೃಷ್ಟಿ ಮಂದವಾಗಿ, ನೆಲದ ಮೇಲಿನ ಜೀವಿಗಳನ್ನು ನೋಡಿ ನಡೆಯುವ ಸಮಿತಿಯ ಪಾಲನೆ ಕಷ್ಟವಾದಾಗ, ಕಾರಣವನ್ನು ತಾವೇ ತೂಗಿ, ಆಚಾರ್ಯಪದವನ್ನು ವೀರಸಾಗರರಿಗೆ ಒಪ್ಪಿಸಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆ ಕೈಗೊಂಡು ಆ ವರ್ಷದ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಕಾರಣ, ಕಾಲ, ಸ್ಥಳ, ಉತ್ತರಾಧಿಕಾರ ಎಲ್ಲವೂ ಅವರ ಸಂಕಲ್ಪದಿಂದಲೇ ಹೊರಟವು.

ಸ್ಮರಣ ಪುಸ್ತಿಕೆಗಳೂ ನ್ಯಾಯಾಲಯಗಳೂ

ಈ ಹಿರಿಯ ಸಾಹಿತ್ಯದ ಪಕ್ಕದಲ್ಲಿ, ಸಮಾಧಿಮರಣವಾದ ಮನೆಗಳವರು ಹಾಗೂ ಬಸದಿಯ ಸಮಿತಿಗಳು ಇಂದು ಹೊರತರುವ ಸ್ಮರಣ ಪುಸ್ತಿಕೆಗಳನ್ನಿಟ್ಟರೆ ಅಂತರ ಎದ್ದು ಕಾಣುತ್ತದೆ. ಉಪವಾಸದ ದಿನಗಳ ಸಂಖ್ಯೆ, ದರ್ಶನಕ್ಕೆ ಬಂದ ಗಣ್ಯರ ಪಟ್ಟಿ, ಮೆರವಣಿಗೆಯ ವರ್ಣನೆ, ದಾನಿಗಳ ಭಾವಚಿತ್ರ ಇವುಗಳಿಂದ ಪುಟಗಳು ತುಂಬಿರುತ್ತವೆ. ತೀರಿಕೊಂಡವರು ಯಾವಾಗ, ಯಾರ ಮುಂದೆ, ಯಾವ ಮಾತಿನಲ್ಲಿ ತಮ್ಮ ಸಂಕಲ್ಪವನ್ನು ತಿಳಿಸಿದರು ಎಂಬುದು ಮಾತ್ರ ಸಿಗುವುದು ಅಪರೂಪ. ಮಾಚಿಕಬ್ಬೆಯ ಶಾಸನಕವಿಗೆ ತಿಳಿದಿದ್ದ ಔಚಿತ್ಯ ಇಲ್ಲಿ ಮಸುಕಾಗಿದೆ.

ಈ ಮೌನ ಸಾಹಿತ್ಯದ ದೋಷ ಮಾತ್ರವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ಅಥವಾ ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿದಾಗ ಸಮಾಜ ನೊಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ವ್ರತವು ವ್ರತಿಯದೇ ಎಂಬುದು ಸಮಾಜದ ಸಮರ್ಥನೆಯ ತಿರುಳು. ಆ ಸಮರ್ಥನೆ ಗಟ್ಟಿಯಾಗಿ ನಿಲ್ಲಬೇಕಾದರೆ ಪ್ರತಿ ಮನೆಯಲ್ಲಿ, ಪ್ರತಿ ಬಸದಿಯಲ್ಲಿ ಅದು ನಿಜವಾಗಿರಬೇಕು.

ವೈದ್ಯಕೀಯ ಕ್ಷೇತ್ರದಲ್ಲಿಯೂ ಇದೇ ತತ್ತ್ವ ಬೇರೊಂದು ದಾರಿಯಿಂದ ಬಂದಿದೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಘನತೆಯ ಮರಣವನ್ನು ಬದುಕಿನ ಹಕ್ಕಿನ ಅಂಗವೆಂದು ಒಪ್ಪಿ, ಚೇತರಿಕೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದನ್ನು ಸ್ವಸ್ಥಚಿತ್ತರಾಗಿರುವಾಗಲೇ ಬರೆದಿಡುವುದಕ್ಕೆ ಮಾನ್ಯತೆ ನೀಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಈ ನಿರ್ದೇಶನಗಳನ್ನು ರಾಜ್ಯದಲ್ಲಿ ಜಾರಿಗೊಳಿಸುವ ಆದೇಶ ಹೊರಡಿಸಿತು. ಇಂಥ ಪತ್ರ ಸಲ್ಲೇಖನೆಯಲ್ಲ, ಎರಡನ್ನೂ ಬೆರೆಸಬಾರದು. ಆದರೆ ಮಾತು ನಿಂತುಹೋದವರ ಸಂಕಲ್ಪವನ್ನು ಇತರರ ಸಂಕಲ್ಪ ನುಂಗದಂತೆ ಕಾಯುವ ಕೆಲಸವನ್ನು ಅದು ಮಾಡಬಲ್ಲದು.

ಬಸದಿಗಳ ಧರ್ಮದರ್ಶಿ ಮಂಡಳಿಗಳು ಮಾಡಬಹುದಾದ ಕಾರ್ಯಗಳು ಹೆಚ್ಚಿನ ಹಣವನ್ನು ಬೇಡುವಂಥವಲ್ಲ. ವ್ರತದ ಇಚ್ಛೆಯನ್ನು ತಿಳಿಸಿದವರೊಡನೆ ಮನೆಯವರಿಲ್ಲದ ಸಮಯದಲ್ಲಿ, ಒಂದಕ್ಕಿಂತ ಹೆಚ್ಚು ಬಾರಿ ಮಾತಾಡುವುದು. ಚಿಕಿತ್ಸೆ ಸಾಧ್ಯವೇ ಎಂದು ವೈದ್ಯರಿಂದ ತಿಳಿಯುವುದು. ಆಡಿದ ಮಾತನ್ನು ಅವರದೇ ಮಾತಿನಲ್ಲಿ ಬರೆದಿಡುವುದು. ಮನಸ್ಸು ಬದಲಾದರೆ ನಾಚಿಕೆಪಡಬೇಕಾಗದಂತೆ, ಮೊದಲೇ ಕರಪತ್ರ ಹಂಚದಿರುವುದು. ವ್ರತವಿರಲಿ, ಇಲ್ಲದಿರಲಿ, ನೋವು ತಗ್ಗಿಸುವ ಉಪಶಮನ ಚಿಕಿತ್ಸೆಯ ನೆರವನ್ನೂ, ಸರದಿಯಂತೆ ಸೇವೆಗೆ ಬರುವ ನಾಲ್ಕು ಜನರನ್ನೂ ಒದಗಿಸುವುದು. ಪ್ರಕಾಶನದ ವಿಧಿಯೂ ನಿರ್ಯಾಪಕರ ವಿಧಿಯೂ ಇಂದಿನ ಕಾಲಕ್ಕೆ ಹೇಳುವುದು ಇದನ್ನೇ.

ಮನೆಗಳು ಮಾಡಬೇಕಾದದ್ದು ಇದಕ್ಕಿಂತ ಮೊದಲಿನದು. ಬೀಗದ ಕೈಯನ್ನು ಅವರೇ ಕೊಡುವವರೆಗೆ ಅವರ ಬಳಿಯೇ ಬಿಡುವುದು. ಬಸದಿಗೆ ಹೋಗುವುದನ್ನು ನಿಲ್ಲಿಸುವ ಬದಲು ಜೊತೆಗೆ ಕೈಹಿಡಿದು ಹೋಗುವುದು. ನಿಜವನ್ನು ಹೇಳುವುದು. ಏನು ಬೇಕು, ಏನು ಬೇಡ ಎಂದು ಕೇಳುವುದು, ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು. ಮುದಿಜೀವದ ಮಾತು ನಿಧಾನವಾಗಿ ಬರುತ್ತದೆ, ಅದು ಮುಗಿಯುವ ತನಕ ಬಾಯಿ ಹಾಕದಿರುವುದೂ ವೈಯಾವೃತ್ತ್ಯವೇ.